ಬೂದು ಅಂಗಿಯ ಕಾಕಾ

ಕಾಕಾ ತೀರಿಕೊಂಡ ಸುದ್ದಿ ಪ್ರಿಂಟಿಂಗ್ ಪ್ರೆಸ್ಸಿನ ಮೊಬೈಲ್ ಗ್ರೂಪಿಗೆ ಬಂದಾಗ ನಾನು ಕಾಂದಿವಲಿಯಲ್ಲಿ, ಅವರು ಇಪ್ಪತ್ತಾರು ವರ್ಷ ಕೂತು ಫೋಟೊಗಳ ಬಣ್ಣ ತಿದ್ದಿದ ಕೋಣೆಯಲ್ಲಿ, ಅವರದೇ ಕುರ್ಚಿಯಲ್ಲಿ ಕೂತಿದ್ದೆ. ಮೊದಲು ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಹಳಬರು ಒಬ್ಬೊಬ್ಬರೇ ಎರಡೆರಡು ಸಾಲು ಬರೆಯತೊಡಗಿದರು. ಬಣ್ಣದ ವಿಷಯದಲ್ಲಿ ಅಂಥ ಮನುಷ್ಯ ಮತ್ತೆ ಸಿಗುವುದಿಲ್ಲ ಎಂದು ಒಬ್ಬರು ಬರೆದರು. 'ಪಾಪ, ಕೊನೆಗೆ ಕಣ್ಣು ಕೈಕೊಟ್ಟವು' ಎಂದು ಇನ್ನೊಬ್ಬರು. ಅದರ ಕೆಳಗೆ ಹೌದು ಹೌದು ಎಂದು ಎಷ್ಟೋ ಹೆಬ್ಬೆರಳುಗಳು ಎದ್ದವು.

ಕಾಕಾನ ಕಣ್ಣು ಕೈಕೊಟ್ಟಿರಲಿಲ್ಲ. ಆ ಗ್ರೂಪಿನಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕಡೆಗೆ ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಮೊಬೈಲನ್ನು ಬೋರಲು ಇಟ್ಟೆ. ನನ್ನ ಯೋಗ್ಯತೆ ಅಷ್ಟೇ ಎಂದು ನನಗೇ ಹೇಸಿಗೆಯಾಯಿತು. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಕಾನ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ಪ್ರೆಸ್ಸಿನ ಮಾಲೀಕ ಗುಜರಾತಿ ಶೇಠ್‌ಗೂ ಅವರು ಕಾಕಾ, ಮೆಷಿನ್ ಓಡಿಸುವ ರತ್ನಾಗಿರಿಯವನಿಗೂ ಕಾಕಾ.

ವಿಜಯಪುರದ ಕಡೆಯವರು. ಮುಂಬೈಗೆ ಬಂದು ನಲವತ್ತು ವರ್ಷ ದಾಟಿದ್ದರೂ ಮಾತು ಮಾತ್ರ ಊರಿನದೇ ಉಳಿದಿತ್ತು. ಮನೆ ದಹಿಸರ್‌ನಲ್ಲಿ. ಬೆಳಿಗ್ಗೆ ಲೋಕಲ್ ಹಿಡಿದು ಬಂದು, ಸ್ಟೇಷನ್ನಿನಿಂದ ಇಂಡಸ್ಟ್ರಿಯಲ್ ಎಸ್ಟೇಟಿನವರೆಗೆ ನಡೆದೇ ಬರುತ್ತಿದ್ದರು. ವಾರದ ಆರೂ ದಿನ ಬೂದು ಅಂಗಿ. ಅಂಥವು ಐದು ಇದ್ದವು, ಐದೂ ಒಂದೇ ಥಾನಿನ ಬಟ್ಟೆ.

ನಾನು ಕೆಲಸಕ್ಕೆ ಸೇರಿದ ದಿನ ಕೆಂಪು ಟೀ ಶರ್ಟು ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲೇ ತಡೆದರು.

"ಹೊರಗ ನಿಂದ್ರು."

"ಶೇಠ್ ಕಳಿಸ್ಯಾರ ಕಾಕಾ. ಇವತ್ತಿಂದ ನಿಮ್ಮ ಕೈಕೆಳಗ..."

"ನೀ ಬಾ. ನಿನ್ನ ಅಂಗಿ ಬರೂದು ಬ್ಯಾಡ."

ಬಾಗಿಲ ಹಿಂದೆ ಮೊಳೆಗೆ ಒಂದು ಬೂದು ಕೋಟು ನೇತುಹಾಕಿತ್ತು. ಅದನ್ನು ತೊಡಿಸಿದ ಮೇಲೆಯೇ ಒಳಗೆ ಬಿಟ್ಟರು. ಕೋಣೆಯ ಗೋಡೆ ಬೂದು, ಪರದೆ ಬೂದು, ಮೂಲೆಯಲ್ಲಿ ಹಗಲು ಬೆಳಕಿನದೇ ಒಂದು ದೀಪ. ಕೆಂಪು ಅಂಗಿ ತೊಟ್ಟು ಸ್ಕ್ರೀನಿನ ಮುಂದೆ ಕೂತರೆ ಅಂಗಿಯ ಕೆಂಪು ಗಾಜಿಗೆ ಬಡಿಯುತ್ತದೆ, ಆಗ ಚಿತ್ರದಲ್ಲಿರುವ ಮುಖಕ್ಕೆ ಇಲ್ಲದ ರಕ್ತ ಬರುತ್ತದೆ, ನೀನು ಅದನ್ನು ನಂಬಿ ಕೆಂಪು ಇಳಿಸುತ್ತೀ, ಛಾಪಾ ಆಗಿ ಬಂದಾಗ ಮದುಮಗಳು ಕಾಮಾಲೆಯವಳಾಗಿರುತ್ತಾಳೆ. ಇದಿಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೂಡು ಅಂದರು.

ನಾನು ಧಾರವಾಡದವರ ಮಗ, ಹುಟ್ಟಿ ಬೆಳೆದದ್ದು ಇಲ್ಲಿಯ ಚಾಳಿನಲ್ಲಿ. ಫೋಟೊ ಎಡಿಟಿಂಗಿನ ಒಂದು ವರ್ಷದ ಕೋರ್ಸು ಮುಗಿಸಿ, ಎಲ್ಲ ತಿಳಿದವನ ಹಾಗೆ ಬಂದಿದ್ದೆ. ಕಾಕಾ ಒಂದು ಫೋಟೊ ತೆರೆದು ಇದನ್ನು ಸರಿಮಾಡು ಅಂದರು. ಮೌಸಿಗೆ ಕೈ ಹಾಕಿದೆನೋ ಇಲ್ಲವೋ, ಕೈ ಮೇಲೆ ಪಟ್ಟನೆ ಒಂದು ಏಟು ಬಿತ್ತು.

"ಎಲ್ಲಿಗೆ ಹೋಗೂದು ಅಂತ ಕೇಳಿದಿಯೇನು?"

"ಎಲ್ಲಿಗೆ ಅಂದ್ರ?"

"ಕಾಗದಕ್ಕೋ, ಮೊಬೈಲಿಗೋ? ಮದುವಿಗೆ ಹೊಂಟವಗೂ ಮಣ್ಣಿಗೆ ಹೊಂಟವಗೂ ಒಂದ ಅಂಗಿ ತೊಡಸ್ತೀಯೇನು?"

ಕೋರ್ಸಿನಲ್ಲಿ ಒಂದು ವರ್ಷ ತಲೆಗೆ ಹೋಗದ್ದನ್ನು ಅವರು ಅಡುಗೆಮನೆಯ ಮೂರು ಪಾತ್ರೆಗಳಲ್ಲಿ ಹೇಳಿದರು. ಕ್ಯಾಮೆರಾದವರು ಕಳಿಸುವ ದೊಡ್ಡ ಆರ್‌ಜಿಬಿ ಹಂಡೆ. ಮೊಬೈಲಿಗೂ ವೆಬ್‌ಸೈಟಿಗೂ ಹೋಗುವ ಎಸ್‌ಆರ್‌ಜಿಬಿ ತಂಬಿಗೆ. ನಾಲ್ಕು ಶಾಯಿಗಳಲ್ಲಿ ಛಾಪಾ ಆಗುವ ಸಿಎಂವೈಕೆ ಪರಾತ, ಅಂದರೆ ಹಿಟ್ಟು ನಾದುವ ಅಗಲ ತಟ್ಟೆ. ಪರಾತಕ್ಕೆ ಹಂಡೆಯ ಆಳ ಇಲ್ಲ, ಆದರೆ ಒಂದೆರಡು ಕಡೆ ಅದು ತಂಬಿಗೆಗಿಂತ ಅಗಲ.

"ಹಸಿರಿಗೂ ನೀಲಿಗೂ ನಡುವ ಕೆಲವು ಬಣ್ಣ ಅದಾವ. ತಂಬಿಗ್ಯಾಗ ಹಿಡಿಯೂದುಲ್ಲ, ಪರಾತದಾಗ ಹಿಡೀತಾವ. ಅದಕ್ಕ ಕಾಗದಕ್ಕ ಹೋಗೂದನ್ನ ಹಂಡೆದಿಂದ ಸೀದಾ ಪರಾತಕ್ಕ ಸುರೀಬೇಕು. ನಡುವ ತಂಬಿಗ್ಯಾಗ ಹಾಕಿದಿ, ಚೆಲ್ಲಿದ್ದು ಚೆಲ್ಲೇ ಹೋತು. ಮತ್ತ ಹಂಡೆಕ್ಕ ಸುರಿದರೂ ತಿರುಗಿ ಬರೂದುಲ್ಲ."

ಈಗಲೂ ನನಗೆ ಬಣ್ಣದ ಲೋಕಗಳು ಆ ಮೂರು ಪಾತ್ರೆಗಳಾಗಿಯೇ ಕಾಣುತ್ತವೆ. ಹೊಸಬರಿಗೆ ಕಲಿಸುವಾಗ ನಾನೂ ಹಂಡೆ ತಂಬಿಗೆ ಎನ್ನುತ್ತೇನೆ, ಅವರು ನಗುತ್ತಾರೆ. ಇದು ಯಾರ ಮಾತು ಎಂದು ಹೇಳುವುದನ್ನು ಬಹಳ ವರ್ಷ ತಪ್ಪಿಸಿಕೊಂಡೆ.

ಅವರ ಬಾಯಲ್ಲಿ ಬರೀ ಕೆಂಪು, ಬರೀ ಹಸಿರು ಎಂಬುದೇ ಇರಲಿಲ್ಲ. ಹುರಿದ ಶೇಂಗಾದ ಸಿಪ್ಪಿ ಬಣ್ಣ, ಒಡೆದ ದಾಳಿಂಬರಿ, ಎಳೀ ಮೆಂತ್ಯೆ ಪಲ್ಲೆ, ನಿನ್ನೆಯ ಮೆಂತ್ಯೆ ಪಲ್ಲೆ, ಮೂರು ದಿನದ ಗಾಯ. ಸಂಜೆ ಸ್ಟೇಷನ್ನಿಗೆ ಒಟ್ಟಿಗೆ ನಡೆಯುವಾಗ ರಸ್ತೆಬದಿಯ ಒಂದು ದೊಡ್ಡ ಜಾಹೀರಾತು ಕಂಡು ನಿಂತುಬಿಡುತ್ತಿದ್ದರು. "ನೋಡು, ಮೊಬೈಲಿಗೆ ಮಾಡಿದ್ದನ್ನ ಹಂಗ ಏರಸ್ಯಾರ. ಟೊಮೆಟೊ ಗಜ್ಜರಿ ಆಗ್ಯದ." ಆಮೇಲೆ ಟ್ರೇನು ಬರುವವರೆಗೂ ಅದೇ ಸಿಟ್ಟು. ಯಾರದೋ ಟೊಮೆಟೊಗೆ ಇವರಿಗೇಕೆ ಇಷ್ಟು ಉರಿ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಬಟ್ಟೆಯ ಕೆಲಸ ಬಂದರೆ ಅವರದೊಂದು ರೂಢಿ ಇತ್ತು. ಫೋಟೊ ಬಂದರೆ ಸಾಲದು, ಬಟ್ಟೆಯೂ ಬರಬೇಕು. ಬ್ಲೌಸ್ ಪೀಸಿನ ತುದಿಯಿಂದ ಎರಡು ಬೆರಳಗಲದ ಚೂರು ಕತ್ತರಿಸಿ ಇಸಿದುಕೊಂಡು, ಕೆಲಸದ ಕಾಗದಪತ್ರ ಇಡುವ ಲಕೋಟೆಯ ಒಳಮೈಗೆ ಅಂಟಿಸುತ್ತಿದ್ದರು. ಆ ಚೂರನ್ನು ದೀಪದ ಕೆಳಗೆ ಹಿಡಿದು, ಸ್ಕ್ರೀನು ನೋಡಿ, ಮತ್ತೆ ಚೂರು ನೋಡಿ, ಕಣ್ಣು ಮುಚ್ಚಿ ಐದು ಎಣಿಸಿ, ಮತ್ತೆ ನೋಡುತ್ತಿದ್ದರು. ಆಮೇಲೆ ಲಕೋಟೆಯ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದರೆ ಅದು ಪಾಸಾಯಿತು ಎಂದು ಅರ್ಥ. ಮೊದಲು ಒಂದು ಮಾದರಿ ಪ್ರತಿ, ಪ್ರೂಫ್, ತೆಗೆಯೋಣ ಎಂದು ಅವರೇ ಹೇಳಿದರೂ ಅವಸರದ ಕೆಲಸಗಳಲ್ಲಿ ಶೇಠ್ ಕೇಳುತ್ತಿರಲಿಲ್ಲ. "ಕಾಕಾ, ಆಪ್ ಕೀ ಆಂಖ್ ಹೀ ಪ್ರೂಫ್ ಹೈ," ನಿಮ್ಮ ಕಣ್ಣೇ ಪ್ರೂಫ್ ಎನ್ನುತ್ತಿದ್ದರು. ಆ ದಿನ ಕಾಕಾ ಚಹಾಕ್ಕೆ ಹೆಚ್ಚು ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರು.

ಒಮ್ಮೆ ಮದುವೆಯ ಆಲ್ಬಮ್ಮು ಬಂದಿತ್ತು. ಮದುಮಗಳು ಕಪ್ಪು. ಗಂಡಿನ ಕಡೆಯವರು ಅವಳನ್ನು ಬೆಳ್ಳಗೆ ಮಾಡಿಕೊಡಿ ಎಂದರು. ಕಾಕಾ ಆಗುವುದಿಲ್ಲ ಎಂದರು. ಶೇಠ್ ಬಂದು ಕೇಳಿದರೂ ಆಗುವುದಿಲ್ಲ. ಎರಡು ದಿನ ಕೂತು ಆ ಹುಡುಗಿಯ ಮುಖದ ಮೇಲಿನ ಬೆಳಕನ್ನಷ್ಟೇ ತಿದ್ದಿದರು, ಬಣ್ಣ ಮುಟ್ಟಲಿಲ್ಲ. "ನಾಳೆ ಆಕಿ ಆಲ್ಬಮ್ಮು ತೆಗೆದರ ತನ್ನ ಮುಖ ತನಗ ಸಿಗಬೇಕಲ್ಲೋ," ಎಂದು ನನಗೆ ಹೇಳಿದರು. ಆಲ್ಬಮ್ಮು ನೋಡಿದ ಗಂಡಿನ ಕಡೆಯವರು ತಕರಾರು ಮಾಡಲಿಲ್ಲ. ಹುಡುಗಿ ಅಷ್ಟು ಚಂದ ಬಂದಿದ್ದಳು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು, ಕಾಕಾನ ಜೊತೆ ಕೆಲಸ ಮಾಡುವುದು ತಲೆನೋವು. ಪರದೆ ತೆರೆಯುವ ಹಾಗಿಲ್ಲ, ಟ್ಯೂಬ್‌ಲೈಟ್ ಹಾಕುವ ಹಾಗಿಲ್ಲ. ಫೈಲಿಗೆ ಹೆಸರು ಕೊಡುವುದರಲ್ಲಂತೂ ಮಡಿ ಇದ್ದಂತೆ. ವೆಬ್‌ಸೈಟಿಗೆಂದು ತಂಬಿಗೆಗೆ ಇಳಿಸಿದ ಪ್ರತಿಯೊಂದು ಫೋಟೊದ ಹೆಸರಿನ ಕೊನೆಗೆ 'ವೆಬ್' ಎಂದು ಬರೆಯಲೇಬೇಕು. ಒಮ್ಮೆ ನಾನು ಬರೆಯದಿದ್ದಾಗ ಎಲ್ಲರ ಎದುರು, "ನಿನಗ ಹೆಸರಿಡಾಕ ನಿಮ್ಮಪ್ಪ ಬ್ಯಾಸರ ಮಾಡಿಕೊಂಡಿದ್ನೇನು?" ಎಂದು ಬೈದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸಿನಲ್ಲಿ ಅದು ಮುಳ್ಳಾಗಿ ಉಳಿಯಿತು. ಮುಂದೆ ನಡೆದದ್ದಕ್ಕೆ ಅದನ್ನೊಂದು ನೆಪ ಮಾಡಿಕೊಳ್ಳಬಹುದು. ಆದರೆ ಅದು ಖರೆ ಕಾರಣ ಅಲ್ಲ.

ದಾದರ್‌ನಲ್ಲಿ ನಮ್ಮ ಬೆಳಗಾವಿ ಕಡೆಯವರದೊಂದು ಸೀರೆ ಅಂಗಡಿ. ಅವರು ಇಳಕಲ್ ಸೀರೆಗಳ ಕ್ಯಾಟಲಾಗು ಮಾಡಿಸಲು ಬಂದರು. ಅದೇ ಫೋಟೊಗಳು ವೆಬ್‌ಸೈಟಿಗೂ ಬೇಕು ಎಂದರು. ಮುಖಪುಟಕ್ಕೆ ಒಂದು ಮೋರಪಂಖಿ ಬಣ್ಣದ ಸೀರೆ, ದಾಳಿಂಬರಿ ಕೆಂಪಿನ ಸೆರಗು. ನವಿಲುಗರಿಯ ಆ ಹಸಿರುನೀಲಿ ಇದೆಯಲ್ಲ, ತಂಬಿಗೆಯಲ್ಲಿ ಹಿಡಿಯದೆ ಪರಾತದಲ್ಲಿ ಹಿಡಿಯುವ ಬಣ್ಣ ಎಂದರೆ ಅದೇ. ಕಾಕಾ ಆ ಒಂದು ಸೀರೆಗೆ ಇಡೀ ದಿನ ಕೊಟ್ಟರು. ಬುಧವಾರ ಲಕೋಟೆಯ ಮೇಲೆ ಗೆರೆ ಎಳೆದು, ಮರುದಿನ ಬೀಗರ ಮನೆಯ ಮದುವೆಗೆ ರಜೆ ಹಾಕಿ ಹೋದರು.

ವೆಬ್‌ಸೈಟಿನ ಪ್ರತಿಗಳನ್ನು ನಾನು ಮಾಡಿಟ್ಟಿದ್ದೆ. ಎಲ್ಲವನ್ನೂ ತಂಬಿಗೆಗೆ ಇಳಿಸಿ, ಮೊಬೈಲಿನಲ್ಲಿ ಕಣ್ಣು ಕುಕ್ಕಲಿ ಎಂದು ಬಣ್ಣ ಒಂದಿಷ್ಟು ಏರಿಸಿದ್ದೆ. ಬೇರೆ ಫೋಲ್ಡರಿನಲ್ಲಿದ್ದವು, ಆದರೆ ಹೆಸರು ಮಾತ್ರ ಕಾಕಾನ ಫೈಲುಗಳದೇ. 'ವೆಬ್' ಎಂದು ಬರೆದಿರಲಿಲ್ಲ. ಬೇಕೆಂತಲೇ ಬರೆದಿರಲಿಲ್ಲ, ಬೈದಿದ್ದರಲ್ಲ.

ಗುರುವಾರ ಬೆಳಿಗ್ಗೆ ಅಂಗಡಿಯವರು ಫೋನು ಮಾಡಿ ಒಂದು ಪುಟ ಬೇಡ, ತೆಗೆದುಹಾಕಿ ಎಂದರು. ಪುಟ ತೆಗೆದು, ಫೋಟೊಗಳು ಎಲ್ಲಿವೆ ಎಂದು ಕಂಪ್ಯೂಟರು ಕೇಳಿದಾಗ ಅವಸರದಲ್ಲಿ ನನ್ನ ಫೋಲ್ಡರು ತೋರಿಸಿದೆ. ಹೆಸರುಗಳು ಹೊಂದಿಕೊಂಡವು. ಛಾಪಾದ ಪ್ಲೇಟು ಮಾಡಲು ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮೆಷಿನ್ನಿನವನು ಫೋನು ಮಾಡಿದ.

"ಹರಾ ಮರಾ ಹುವಾ ಲಗ್ತಾ ಹೈ ರೇ. ಕಾಕಾ ಸೇ ಪೂಛ್."

ಹಸಿರು ಸತ್ತ ಹಾಗೆ ಕಾಣುತ್ತದೆ, ಕಾಕಾನನ್ನು ಕೇಳು ಎಂದ. ನಾನು ಕೇಳಲಿಲ್ಲ. "ಕಾಕಾ ನೇ ಪಾಸ್ ಕಿಯಾ ಹೈ, ಚಲಾ ದೋ," ಕಾಕಾ ಪಾಸು ಮಾಡಿದ್ದಾರೆ, ಓಡಿಸು ಎಂದೆ.

ಊಟದ ಹೊತ್ತಿಗೆ ಏನೋ ಅನುಮಾನ ಬಂದು ತೆಗೆದು ನೋಡಿದರೆ ಪುಟಗಳಲ್ಲಿ ಕೂತಿದ್ದವು ನನ್ನ ವೆಬ್‌ಸೈಟಿನ ಫೋಟೊಗಳು. ಹಂಡೆಯಿಂದ ತಂಬಿಗೆ, ತಂಬಿಗೆಯಿಂದ ಪರಾತ. ಆ ಹೊತ್ತಿಗೆ ಮೆಷಿನ್ನು ಇನ್ನೂ ಓಡುತ್ತಿತ್ತು. ನೆಲ ಅದುರುವುದು ಕಾಲಿಗೆ ಗೊತ್ತಾಗುತ್ತಿತ್ತು. ಕೆಳಗೆ ಓಡಿಹೋಗಿ ನಿಲ್ಲಿಸು ಎನ್ನಬಹುದಿತ್ತು. ಅಷ್ಟೇನೂ ಕಾಣಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಡಬ್ಬಿ ಬಿಚ್ಚಿ ಊಟ ಮಾಡಿದೆ. ಹೌದು, ಊಟ ಮಾಡಿದೆ. ಪೂರ್ತಿ ತಿಂದೆ.

ಶನಿವಾರ ಅಂಗಡಿಯವರು ಸೀರೆಯನ್ನೇ ಬಗಲಲ್ಲಿ ಹಿಡಿದುಕೊಂಡು ಬಂದರು. ಶೇಠ್‌ನ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಕ್ಯಾಟಲಾಗು ಇಟ್ಟು, "ಇದು ಅದ ಏನ್ರಿ?" ಎಂದು ಕೇಳಿದರು. ನವಿಲುಗರಿ ಹೋಗಿ ಮಾಸಿದ ಮುನ್ಸಿಪಾಲಿಟಿ ಬೆಂಚಿನ ಬಣ್ಣ ಬಂದಿತ್ತು. ಸೆರಗು ಇಟ್ಟಿಗೆ ಬಣ್ಣ ಆಗಿತ್ತು. ರಜೆ ಮುಗಿಸಿ ಬಂದಿದ್ದ ಕಾಕಾ ಬಹಳ ಹೊತ್ತು ಸೀರೆಯನ್ನೂ ಕಾಗದವನ್ನೂ ನೋಡಿದರು. ಮೇಲೆ ಬಂದು ನನ್ನನ್ನು ಕೇಳಿದರು.

"ಫೈಲು ನಂದ ಹೋಗ್ಯದೇನು?"

"ಹೌದು ಕಾಕಾ. ನಿಮ್ದ."

ಆ ಎರಡು ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದವು ಎಂದು ನೆನೆದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ. ಕೆಲಸ ಹೋಗುವ ಹೆದರಿಕೆ ಇತ್ತು ಎನ್ನಬಹುದು, ಮನೆಯ ತಾಪತ್ರಯ ಇತ್ತು ಎನ್ನಬಹುದು. ಯಾವ ಮನೆಯಲ್ಲಿ ಇಲ್ಲ? ಎಲ್ಲರ ಎದುರು ತಪ್ಪು ನಂದು ಎನ್ನುವುದಕ್ಕೆ ಹೆದರಿದೆ, ಅಷ್ಟೇ. ಪುಕ್ಕಲ.

ಅಲ್ಲಿಗೆ ನಿಂತಿದ್ದರೂ ಒಂದು ಮಾತಾಗುತ್ತಿತ್ತು. ಕಾಕಾ ತಮ್ಮ ಫೈಲು ತೆರೆದರು. ಸ್ಕ್ರೀನಿನ ಮೇಲೆ ಮೋರಪಂಖಿ ಝಗ್ಗನೆ ಬಂತು. ಲಕೋಟೆಯ ಚೂರನ್ನು ದೀಪದ ಕೆಳಗೆ ಹಿಡಿದರು. ಎರಡೂ ಒಂದೇ. ಹಿಂದೆ ನಿಂತ ನನಗೂ ಒಂದೇ ಕಾಣುತ್ತಿತ್ತು.

"ತಮ್ಮಾ, ಸ್ಕ್ರೀನಿನ ಮ್ಯಾಲ ನನಗ ಸರಿನ ಕಾಣಸ್ತದ. ನಿನಗ ಹ್ಯಾಂಗ ಕಾಣಸ್ತದ?"

"ಸ್ವಲ್ಪ ಮಂಕ ಅನಸ್ತದ, ಕಾಕಾ."

"ಮಂಕ?"

"ಹೂಂ. ಹಸಿರು ಸ್ವಲ್ಪ ಸತ್ತಂಗ."

ಕಾಕಾ ಚಾಳೀಸು ತೆಗೆದರು. ಬೂದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಮತ್ತೆ ತೆಗೆದು ಮತ್ತೆ ಒರೆಸಿದರು. ಹಾಗೆ ಎಷ್ಟು ಸಲ ಒರೆಸಿದರೋ ಲೆಕ್ಕ ಇಡಲಿಲ್ಲ. ನಾನು ಹಿಂದೆ ನಿಂತು ನೋಡುತ್ತಲೇ ಇದ್ದೆ.

ಶೇಠ್ ಕೂಗಾಡಲಿಲ್ಲ. ಕೂಗಾಡಿದ್ದರೆ ಕಾಕಾ ತಿರುಗಿ ಜಗಳಾಡುತ್ತಿದ್ದರೋ ಏನೋ. ಹೆಗಲ ಮೇಲೆ ಕೈಯಿಟ್ಟು, "ಉಮ್ರ್ ಹೋ ಗಯೀ, ಕಾಕಾ," ಎಂದರು. ವಯಸ್ಸಾಯಿತು ಎಂಬ ಆ ಮಾತನ್ನು ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಕ್ಯಾಟಲಾಗನ್ನು ಮತ್ತೊಮ್ಮೆ ಮಾಡುವ ಕೆಲಸ ನನಗೆ ಬಂತು. ನಾನು ಮಾಡಿದ್ದೇನು? ಕಾಕಾನ ಅದೇ ಫೈಲುಗಳನ್ನು, ಒಂದು ಕೂದಲಷ್ಟೂ ಮುಟ್ಟದೆ, ಹಂಡೆಯಿಂದ ಸೀದಾ ಪರಾತಕ್ಕೆ ಸುರಿದು ಕಳಿಸಿದೆ. ಸೀರೆಗೂ ಕಾಗದಕ್ಕೂ ತಾಳೆ ಬಿತ್ತು. ಅಂಗಡಿಯವರು ನನ್ನ ಬೆನ್ನು ತಟ್ಟಿದರು. ಶೇಠ್ ಎಲ್ಲರೆದುರು ನನ್ನ ಕಣ್ಣನ್ನು ಹೊಗಳಿದರು. ಕಾಕಾ ಕೂಡ, "ಛಲೋ ಹಿಡದಿ ನೋಡು," ಎಂದರು.

ನನ್ನ ಫೋಲ್ಡರನ್ನು ನಾನು ಆಗಲೇ ಅಳಿಸಿಹಾಕಿದ್ದೆ.

ಕಾಕಾ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಪೊರೆ ಈಗಷ್ಟೇ ಶುರುವಾಗಿದೆ, ಅವಸರವೇನಿಲ್ಲ, ವರ್ಷ ಬಿಟ್ಟು ನೋಡೋಣ ಎಂದರಂತೆ ಡಾಕ್ಟರು. ಕಾಕಾ ಕೇಳಲಿಲ್ಲ, ಹಟ ಹಿಡಿದು ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಕಪ್ಪು ಕನ್ನಡಕ ಹಾಕಿಕೊಂಡು ಪೇಡೆ ಹಿಡಿದು ಪ್ರೆಸ್ಸಿಗೆ ಬಂದ ದಿನ ನನ್ನನ್ನು ಕೋಣೆಯ ಆಚೆ, ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಕನ್ನಡಕ ಹಣೆಗೇರಿಸಿ ತಮ್ಮ ಅಂಗಿಯ ತೋಳು ಹಿಡಿದು ತೋರಿಸಿದರು.

"ತಮ್ಮಾ, ಇದು ಬೂದು ಅಲ್ಲೋ. ಇದರಾಗ ನೀಲಿ ಅದ. ಇಷ್ಟು ವರ್ಷ ಬೂದು ಅಂತ ತೊಟ್ಟೀನಿ. ಮನಿ ಗ್ವಾಡಿ ನೀಲಿ, ಹಾಲು ನೀಲಿ, ನಿಮ್ಮ ಕಾಕು ಕೂದಲ ನೀಲಿ. ಈಗ ತಿಳೀತು, ನನಗ ಎಲ್ಲಾ ಹಳದ್ಯಾಗ ಕಾಣತಿತ್ತು."

ತೋಳು ಬಿಟ್ಟು ನನ್ನ ಕೈಗೆ ಒಂದು ಪೇಡೆ ಇಟ್ಟರು.

"ನೀ ಹೇಳಿದ್ದು ಖರೇ ಇತ್ತು. ಸ್ಕ್ರೀನಿನ ಮ್ಯಾಲ ಮಂಕ ಅಂತ ನೀ ಅಂದಾಗ ನನಗ ಒಳಗ ಸಿಟ್ಟು ಬಂದಿತ್ತು, ಈ ಮಗಾ ಸುಳ್ಳ ಹೇಳ್ತಾನ ಅಂತ. ತಪ್ಪು ತಿಳಕೊಂಡಿದ್ದೆ. ಮನಸಿನ್ಯಾಗ ಇಟ್ಟುಕೋಬ್ಯಾಡ."

ಅವರು ನನ್ನ ಕ್ಷಮೆ ಕೇಳಿದರು. ನಾನು ಪೇಡೆ ತಿಂದೆ.

ಪೊರೆ ತೆಗೆಸಿಕೊಂಡವರಿಗೆಲ್ಲ ಕೆಲವು ದಿನ ಲೋಕ ನೀಲಿಯಾಗಿ ಕಾಣುತ್ತದೆ ಎಂದು ಆಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು. ಅದು ಹೊಸ ಮಸೂರದ ಗುಣ. ಪೊರೆ ನಿಧಾನಕ್ಕೆ ಬರುವಾಗ ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ, ಬಣ್ಣಕ್ಕೆ ಬಣ್ಣ ಹೋಲಿಸಿ ನೋಡುವವರು ಪೊರೆ ಇದ್ದರೂ ಸರಿಯಾಗಿಯೇ ಹೋಲಿಸಬಲ್ಲರು. ಇದನ್ನು ಕಾಕಾನಿಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಕ್ಕಿಲ್ಲ. ಕೇಳುವುದಕ್ಕೆ ಏನಿತ್ತು, ಸಾಕ್ಷಿಗೆ ನಾನಿದ್ದೆನಲ್ಲ.

ಮತ್ತೆ ಅವರು ಬಣ್ಣಕ್ಕೆ ಕೂಡಲಿಲ್ಲ. ಕೆಳಗೆ ಬಂಡಲುಗಳಿಗೆ ಚೀಟಿ ಅಂಟಿಸುವ ಮೇಜಿನಲ್ಲಿ ಆರು ತಿಂಗಳು ಕೂತು, ಒಂದು ದಿನ ಸಾಕು ಎಂದರು. ಹೋಗುವಾಗ ಮೇಲೆ ಬಂದು ಮೊಳೆಗೆ ನೇತುಹಾಕಿದ್ದ ಬೂದು ಕೋಟನ್ನು ಝಾಡಿಸಿ, ಮತ್ತೆ ಅಲ್ಲೇ ಹಾಕಿ ಹೋದರು.

ಎರಡು ವರ್ಷದ ಹಿಂದೆ ಆ ಸೀರೆ ಅಂಗಡಿಯವರು ಹೊಸ ಕ್ಯಾಟಲಾಗಿಗೆ ಮತ್ತೆ ಬಂದರು. "ಈ ಸಲ ಚಿಂತಿ ಇಲ್ಲ, ನೀವ ಇದ್ದೀರಿ. ಆ ಮುದುಕರ ಕಣ್ಣ ನಂಬಿ ಹಿಂದ ಕೆಟ್ಟಿದ್ದೆವು," ಎಂದು ನಕ್ಕರು. ಅವರು ಹೋದ ಮೇಲೆ ಹಳೆಯ ಲಕೋಟೆ ಹುಡುಕಿ ತೆಗೆದೆ. ಮೋರಪಂಖಿ ಚೂರು ಒಳಗೆ ಹಾಗೇ ಇತ್ತು. ಮೇಲೆ ಪೆನ್ಸಿಲಿನ ಗೆರೆ. ಎರಡನೇ ಸಲ ಛಾಪಾ ಆದ ಮುಖಪುಟದ ಮೇಲೆ ಚೂರನ್ನು ಇಟ್ಟರೆ ಎಲ್ಲಿ ಬಟ್ಟೆ ಮುಗಿದು ಎಲ್ಲಿ ಕಾಗದ ಶುರುವಾಗುತ್ತದೆ ಎಂದು ಬೆರಳಿನಿಂದ ಮುಟ್ಟಿಯೇ ತಿಳಿಯಬೇಕು. ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದರಿಂದ ಯಾರಿಗೇನು ಬಂತು. ಆ ಭಾನುವಾರ ಎರಡನ್ನೂ ಚೀಲಕ್ಕೆ ಹಾಕಿಕೊಂಡು ದಹಿಸರ್ ಲೋಕಲ್ ಹತ್ತಿದೆ.

ಕಾಕಾ ಹಸಿರು ಕೆಂಪು ಚೌಕಳಿ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಖುಷಿಯಾಗಿ, "ಏ, ತಮ್ಮ ಬಂದಾನ, ಚಾ ಇಡು," ಎಂದು ಒಳಗೆ ಕೂಗಿದರು. ಕಾಕು ಚಹಾ ತರುತ್ತ ಗಂಡನ ಮೇಲೆ ದೂರು ಹೇಳಿದರು. "ಈಗ ಸಂತ್ಯಾಗ ಟೊಮೆಟೊ ಹಣ್ಣಾಗ್ಯಾವೋ ಇಲ್ಲೋ ಅಂತ ನನ್ನ ಕೇಳತಾರ ನೋಡಪಾ. ಮೊದಲ ನಾ ತಂದದ್ದಕ್ಕ ಹೆಸರಿಡತಿದ್ರು." ಕಾಕಾ ನಕ್ಕರು. ನಾನು ಬಟ್ಟಲು ಕೆಳಗಿಟ್ಟು ಒಂದೇ ಸಲಕ್ಕೆ ಎಲ್ಲ ಹೇಳಿಬಿಟ್ಟೆ. ಹೆಸರು ಬರೆಯದ ಫೈಲು, ಗುರುವಾರ, ಮೆಷಿನ್ನಿನವನ ಫೋನು, ಊಟ ಮಾಡಿದ್ದು, ಮಂಕ ಎಂದದ್ದು. ಒಂದನ್ನೂ ಬಿಡಲಿಲ್ಲ. ಮುಖಪುಟ ಬಿಚ್ಚಿ ಅದರ ಮೇಲೆ ಚೂರು ಇಟ್ಟೆ.

"ಇದು ನಿಮ್ಮ ಫೈಲು, ಕಾಕಾ. ನಾ ಕೈ ಹಚ್ಚಿಲ್ಲ. ನಿಮ್ಮ ಕಣ್ಣು ಅವತ್ತೂ ಸರಿ ಇತ್ತು."

ಕಾಕಾ ಮುಖಪುಟದ ಮೇಲೆ ಕೈಯಾಡಿಸಿದರು. ಚೂರನ್ನು ಎತ್ತಿ, ಇಟ್ಟು, ನನ್ನ ಮುಖ ನೋಡಿದರು.

"ಎರಡನೇ ಸಲದ್ದಲ್ಲ ಇದು? ಛಲೋ ಮಾಡಿದ್ದಿ ನೀ."

"ನಾ ಮಾಡಿಲ್ಲ ಕಾಕಾ, ನೀವ ಮಾಡಿದ್ದು. ಕಾಕು ಆಣಿ ಮಾಡಿ ಹೇಳ್ತೀನಿ."

"ಆಣಿ ಯಾಕೋ? ನಾನ ನೋಡೀನಲ್ಲ, ಆಪರೇಷನ್ ಆದ ಮ್ಯಾಲ. ಎಲ್ಲಾ ನೀಲಿ ಬಂತು. ಅಂದ್ರ ಮೊದಲ ತಪ್ಪ ಇತ್ತಲ್ಲ." ನನ್ನ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು. "ಮುದುಕ ಆಗೀನಿ ಅಂತ ನನಗ ಸಮಾಧಾನ ಮಾಡಾಕ ಇಷ್ಟ ದೂರ ಬಂದಿ. ತಪ್ಪೆಲ್ಲಾ ನಿನ್ನ ತಲಿ ಮ್ಯಾಲ ಹಾಕ್ಕೊಂಡಿ. ಇಂಥಾ ಮನಸು ಯಾರಿಗದ ಈ ಕಾಲದಾಗ?"

ನೀಲಿಯ ಕಾರಣವನ್ನು ಡಾಕ್ಟರು ಹೇಳಿದ ಹಾಗೆಯೇ ವಿವರಿಸಿದೆ. ಆಯಿತು ಆಯಿತು ಎಂದು ಮಗುವಿನ ಮಾತಿಗೆ ಒಪ್ಪುವವರ ಹಾಗೆ ಒಪ್ಪಿದರು. ಬಾಗಿಲಲ್ಲಿ ನಿಂತಿದ್ದ ಕಾಕು ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರು ನಂಬಿದ್ದರು. ಅರ್ಧ ಕುಡಿದ ಚಹಾದ ಬಟ್ಟಲನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಹೊರಡುವಾಗ ಕಾಕಾ ಮೆಟ್ಟಿಲವರೆಗೂ ಬಂದರು. ನಾನು ಅವತ್ತು ಹಸಿರು ಅಂಗಿ ತೊಟ್ಟಿದ್ದೆ. ಅದರ ತೋಳನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಹಳೆಯ ರೂಢಿಯಂತೆ ಕಣ್ಣು ಮುಚ್ಚಿ, ಐದು ಎಣಿಸಿ, ತೆರೆದರು.

"ಎಳೀ ಮೆಂತ್ಯೆ ಪಲ್ಲೆ," ಎಂದರು.

ಕರಾರುವಾಕ್ಕಾಗಿ ಅದೇ ಬಣ್ಣ. ಹೌದು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಅಂಗಿ ಬಿಟ್ಟು ನನ್ನ ಮುಖ ನೋಡಿದರು.

"ಹೌದಲ್ಲ? ಇಲ್ಲಾ ನನಗ ಹಂಗ ಕಾಣಸ್ತದೋ?"